ಚಿಪ್ ಒಳಗಿನ ವೈರ್‌ಗಳ ಕ್ರಾಸ್‌ಟಾಕ್ ತಗ್ಗಿಸುವುದು ಹೇಗೆ?

ಡಿಆರ್‌ಸಿ (ಚಿಪ್‌ನ ನಕ್ಷೆ, ಅಂದರೆ ಲೇಔಟ್, ಫ್ಯಾಕ್ಟರಿಯ ನಿಯಮಕ್ಕೆ ಒಪ್ಪುತ್ತದೆಯೇ ಎಂಬ ಪರೀಕ್ಷೆ) ಕ್ಲೀನ್, ಎಲ್‌ವಿಎಸ್ (ಲೇಔಟ್ ಸರ್ಕ್ಯೂಟ್‌ಗೆ ಹೊಂದುತ್ತದೆಯೇ ಎಂಬ ಪರೀಕ್ಷೆ) ಕ್ಲೀನ್, ಟೈಮಿಂಗೂ ಪಾಸ್. ಆದರೂ ಚಿಪ್ ಕೈಗೆ ಬಂದ ಮೇಲೆ ಆಗೊಮ್ಮೆ ಈಗೊಮ್ಮೆ ತಾನಾಗಿ ರೀಸೆಟ್ ಆಗುತ್ತಿದೆ. ಹೀಗಾದಾಗ ರೀಸೆಟ್ ವೈರ್‌ನ ಅಕ್ಕಪಕ್ಕ ಏನು ಓಡುತ್ತಿದೆ ಎಂದು ಒಮ್ಮೆ ನೋಡಲೇಬೇಕು. ಒಂದು ವೈರ್ ಸೊನ್ನೆಯಿಂದ 1.8 ವೋಲ್ಟ್‌ಗೆ ನೆಗೆದಾಗ ಪಕ್ಕದ್ದೂ ಅಲುಗುತ್ತದೆ. ಇದೇ ಕ್ರಾಸ್‌ಟಾಕ್. ಅಲುಗಿಸುವ ವೈರ್ ಅಗ್ರೆಸರ್, ಪೆಟ್ಟು ತಿನ್ನುವುದು ವಿಕ್ಟಿಮ್.

ದೂರ ಇಡಿ, ಶೀಲ್ಡ್ (ಪಕ್ಕದಲ್ಲಿ ಕಾವಲಿಗೆ ಗ್ರೌಂಡ್ ವೈರ್) ಹಾಕಿ, ಬಫರ್ (ಸಿಗ್ನಲ್‌ಗೆ ಬಲ ಕೊಡುವ ಗೇಟ್) ಸೇರಿಸಿ. ಇಷ್ಟು ಎಲ್ಲರಿಗೂ ಬಾಯಿಪಾಠ. ಎಡವಟ್ಟಾಗುವುದು ಮಾಡುವಾಗ, ಅದರಲ್ಲೂ ಶೀಲ್ಡ್ ಹಾಕುವಾಗ. ವಿದ್ಯಾರ್ಥಿಗಳ ಲೇಔಟ್ ತೆರೆದರೆ ಶೀಲ್ಡ್ ಏನೋ ಇರುತ್ತದೆ, ಆದರೆ ಗ್ರೌಂಡ್‌ಗೆ ನೆಟ್ಟಗೆ ಸೇರಿರುವುದಿಲ್ಲ.

ಇಲ್ಲಿನ ಅಳತೆಗಳೆಲ್ಲ ಸ್ಕೈ130 ಪಿಡಿಕೆಯವು (ಪಿಡಿಕೆ ಎಂದರೆ ಒಂದು ಫ್ಯಾಕ್ಟರಿಯಲ್ಲಿ ಚಿಪ್ ಮಾಡಿಸಲು ಬೇಕಾದ ನಿಯಮ, ಅಳತೆಗಳ ಕಿಟ್). 2020ರಲ್ಲಿ ಗೂಗಲ್ ಮತ್ತು ಚಿಪ್ ತಯಾರಿಸುವ ಸ್ಕೈವಾಟರ್ ಕಂಪನಿ ಸೇರಿ ಎಲ್ಲರಿಗೂ ತೆರೆದಿಟ್ಟ 130 ನ್ಯಾನೊಮೀಟರ್ ಕಿಟ್ ಇದು. ಎನ್‌ಡಿಎ (ಗುಟ್ಟು ಕಾಯುವ ಕರಾರು) ಗೋಜಿಲ್ಲ, ದುಡ್ಡು ಬೇಡ. ಮನೆಯ ಲ್ಯಾಪ್‌ಟಾಪಿನಲ್ಲೇ ಕೂತು ಮಾಡಿ ನೋಡಬಹುದು.

ಹಂತ 1: ಕಪ್ಲಿಂಗ್ ಉಳಿಸಿಕೊಂಡು ಎಕ್ಸ್‌ಟ್ರ್ಯಾಕ್ಟ್ ಮಾಡಿ

ಎಕ್ಸ್‌ಟ್ರ್ಯಾಕ್ಟ್ ಎಂದರೆ ಲೇಔಟ್‌ನಿಂದ ಸರ್ಕ್ಯೂಟನ್ನೂ ವೈರ್‌ಗಳ ಕೆಪಾಸಿಟೆನ್ಸ್, ರೆಸಿಸ್ಟೆನ್ಸನ್ನೂ ಲೆಕ್ಕ ಹಾಕಿ ತೆಗೆಯುವುದು. ಕಪ್ಲಿಂಗ್ ಎಂದರೆ ಪಕ್ಕಪಕ್ಕದ ವೈರ್‌ಗಳ ನಡುವಿನ ಕೆಪಾಸಿಟೆನ್ಸ್. ಸ್ಕೈ130ಯ ಮೆಟ್1 (ಲೋಹದ ಮೊದಲ ಲೇಯರ್; ಅದರ ಮೇಲೆ ಮೆಟ್2, ಮೆಟ್3 ಹೀಗೆ) ವೈರ್‌ನ ಕನಿಷ್ಠ ಅಗಲ 0.14 ಮೈಕ್ರಾನ್, ಎತ್ತರ ಸುಮಾರು 0.36. ಅಗಲಕ್ಕಿಂತ ಎತ್ತರವೇ ಜಾಸ್ತಿ. ಹಾಗಾಗಿ ಕೆಳಗಿನ ಸಿಲಿಕಾನ್‌ಗಿಂತ ಪಕ್ಕದ ವೈರ್‌ನ ಜೊತೆಗೇ ಅದಕ್ಕೆ ಹೆಚ್ಚು ಸಹವಾಸ. ಈ ಪಕ್ಕದ ಕೆಪಾಸಿಟೆನ್ಸ್ ನಿಮ್ಮ ಫೈಲ್‌ನಲ್ಲೇ ಇಲ್ಲದಿದ್ದರೆ ಮುಂದಿನ ಯಾವ ಹಂತಕ್ಕೂ ಅರ್ಥವಿಲ್ಲ.

ಮ್ಯಾಜಿಕ್ ಎಂಬ ಲೇಔಟ್ ಸಾಫ್ಟ್‌ವೇರ್‌ನಲ್ಲಿ ಎಲ್‌ವಿಎಸ್‌ಗಾಗಿ ತೆಗೆದ ನೆಟ್‌ಲಿಸ್ಟ್ (ಯಾವುದಕ್ಕೆ ಯಾವುದು ಸೇರಿದೆ ಎಂಬ ಪಟ್ಟಿ) ಅನ್ನೇ ಎನ್‌ಜಿಸ್ಪೈಸ್ ಸಿಮ್ಯುಲೇಟರ್‌ಗೆ ಕೊಟ್ಟು "ನಾಯ್ಸ್ ಇಲ್ಲ ಸಾರ್" ಅನ್ನುವವರು ತುಂಬ. ಆ ಸೆಟ್ಟಿಂಗ್‌ನಲ್ಲಿ ವೈರ್‌ಗಳ ಕೆಪಾಸಿಟರ್ ಒಂದೂ ಹೊರಗೆ ಬರುವುದಿಲ್ಲ. ಸಿ-ಥ್ರೆಶ್ (ಇದಕ್ಕಿಂತ ಸಣ್ಣ ಕೆಪಾಸಿಟರ್ ಬಿಟ್ಟುಬಿಡು ಎಂಬ ಮಿತಿ) ಅನ್ನು ಸೊನ್ನೆಗೆ ಇಟ್ಟು ಮತ್ತೆ ತೆಗೆಯಿರಿ. ಉದ್ದದ ವೈರ್ ಆದರೆ ರೆಸಿಸ್ಟೆನ್ಸ್ ಕೂಡ ಬರುವಂತೆ ನೋಡಿಕೊಳ್ಳಿ.

ಡಿಜಿಟಲ್ ಫ್ಲೋನಲ್ಲಿ (ಸಾಫ್ಟ್‌ವೇರೇ ಗೇಟ್ ಇಟ್ಟು ವೈರ್ ಎಳೆಯುವ ವಿಧಾನ) ಓಪನ್‌ರೋಡ್ ಎಂಬ ಟೂಲ್ ಕೊಡುವ ಸ್ಪೆಫ್ ಫೈಲ್‌ನಲ್ಲಿ (ವೈರ್‌ಗಳ ಕೆಪಾಸಿಟೆನ್ಸ್, ರೆಸಿಸ್ಟೆನ್ಸ್ ಪಟ್ಟಿ) ಕಪ್ಲಿಂಗ್ ಇರುತ್ತದೆ. ಆದರೆ ಟೈಮಿಂಗ್ ಪರೀಕ್ಷಿಸುವ ಓಪನ್‌ಎಸ್‌ಟಿಎ ಅದನ್ನು ಓದುವಾಗ ಮಾಮೂಲಾಗಿ ಗ್ರೌಂಡ್‌ಗೆ ಸೇರಿಸಿ ಲೆಕ್ಕ ಹಾಕುತ್ತದೆ. ಅಲ್ಲಿ ಟೈಮಿಂಗ್ ಪಾಸಾದರೆ ಕ್ರಾಸ್‌ಟಾಕ್ ಪಾಸಾದಂತಲ್ಲ. ಅನುಮಾನ ಇರುವ ನೆಟ್‌ಗಳನ್ನಷ್ಟೇ (ನೆಟ್ ಎಂದರೆ ಒಂದು ಸಿಗ್ನಲ್‌ನ ವೈರ್) ಬೇರೆ ತೆಗೆದು ಎನ್‌ಜಿಸ್ಪೈಸ್‌ನಲ್ಲಿ ನೋಡಿ. ರೆಡಿಮೇಡ್ ಟಿಸಿಎಲ್ ಸ್ಕ್ರಿಪ್ಟ್ ಬಳಸುತ್ತಿದ್ದರೆ, ಎಲ್ಲ ಕಪ್ಲಿಂಗನ್ನೂ ಗ್ರೌಂಡ್‌ಗೆ ತಳ್ಳುವ ಸಾಲು ಅದರಲ್ಲಿ ಇದೆಯೇ ನೋಡಿ. ಇದ್ದರೆ ಅದನ್ನು ಮೊದಲು ಅಳಿಸಿ.

ಹಂತ 2: ಯಾವ ನೆಟ್ ಮುಖ್ಯ ಎಂದು ಪಟ್ಟಿ ಮಾಡಿ

ಕ್ಲಾಕ್, ಅಸಿಂಕ್ರೊನಸ್ ರೀಸೆಟ್, ಲ್ಯಾಚ್ ಎನೇಬಲ್, ಅನಲಾಗ್ ಇನ್‌ಪುಟ್. ಮೊದಲ ಪಟ್ಟಿ ಇಷ್ಟೇ. ಇವುಗಳ ಮೇಲೆ ಯಾವಾಗ ಗ್ಲಿಚ್ (ಕ್ಷಣಿಕ ಅಲುಗಾಟ) ಬಂದರೂ ಕೆಲಸ ಕೆಡುತ್ತದೆ. ಫ್ಲಾಪ್‌ನ (ಕ್ಲಾಕ್ ಅಂಚಿನಲ್ಲಿ ಒಂದು ಬಿಟ್ ಹಿಡಿದಿಡುವ ಫ್ಲಿಪ್‌ಫ್ಲಾಪ್) ಡೇಟಾ ಪಿನ್ ಹಾಗಲ್ಲ. ಕ್ಲಾಕ್ ಅಂಚಿನ ಹತ್ತಿರ ಬಂದರೆ ಮಾತ್ರ ತೊಂದರೆ.

ಡೇಟಾ ಬಸ್‌ನ ತಕರಾರು ಬೇರೆ. ಒಂದು ವೈರ್‌ಗೆ ಗ್ರೌಂಡ್ ಕಡೆ 40 ಫೆಮ್ಟೊಫ್ಯಾರಡ್, ಎರಡೂ ಪಕ್ಕ ಸೇರಿ 60 ಇದೆ ಅಂದುಕೊಳ್ಳಿ. ಅಕ್ಕಪಕ್ಕದವು ಅದರ ಜೊತೆಗೇ ಒಂದೇ ದಿಕ್ಕಿಗೆ ಬದಲಾದರೆ ಡ್ರೈವರ್‌ಗೆ (ಆ ವೈರ್ ಅನ್ನು ಬದಲಿಸುವ ಗೇಟ್) ಕಾಣುವುದು ಬರೀ 40. ಎರಡೂ ಎದುರು ದಿಕ್ಕಿಗೆ ಹೋದರೆ 60 ಎರಡರಷ್ಟಾಗುತ್ತದೆ, ಒಟ್ಟು 160. ಅದೇ ವೈರ್, ಅದೇ ಡ್ರೈವರ್, ಲೋಡ್ ಮಾತ್ರ ನಾಲ್ಕು ಪಟ್ಟು ಆಚೀಚೆ. ಅದರ ಜೊತೆ ಡಿಲೇ ಕೂಡ ಓಲಾಡುತ್ತದೆ. ಇನ್ನು ಆ ವೈರ್ ಅನ್ನು ಯಾರೂ ಹಿಡಿದಿಲ್ಲದೆ ತೇಲುತ್ತಿದ್ದರೆ, ಎರಡೂ ಪಕ್ಕದವು ಒಟ್ಟಿಗೆ ನೆಗೆದಾಗ ಅದರ ಮೇಲೆ 1.8 ರಲ್ಲಿ ನೂರಕ್ಕೆ 60, ಅಂದರೆ 1.08 ವೋಲ್ಟ್ ಗ್ಲಿಚ್. ಇನ್ವರ್ಟರ್ ಮಗುಚಲು ಅಷ್ಟು ಸಾಕು.

ಹಂತ 3: ಜಾಗ ಬಿಡಿ

ಎಲ್ಲಕ್ಕಿಂತ ಮೊದಲು ಇದು. ನನ್ನ ಕೇಳಿದರೆ ನೂರಕ್ಕೆ ಎಂಬತ್ತು ಕೇಸ್ ಇಲ್ಲೇ ಮುಗಿಯಬೇಕು. ಮೆಟ್3ಯಲ್ಲಿ ಟ್ರ್ಯಾಕ್‌ನಿಂದ (ವೈರ್ ಎಳೆಯುವ ಗೆರೆ) ಟ್ರ್ಯಾಕ್‌ಗೆ 0.68 ಮೈಕ್ರಾನ್, ವೈರ್ ಅಗಲ 0.30. ಪಕ್ಕಪಕ್ಕ ಇಟ್ಟರೆ ನಡುವಿನ ಸಂದು 0.38. ಒಂದೇ ಒಂದು ಟ್ರ್ಯಾಕ್ ಖಾಲಿ ಬಿಟ್ಟರೆ 1.06. ಆ ಮೊದಲ ಖಾಲಿ ಟ್ರ್ಯಾಕ್‌ನಿಂದಲೇ ದೊಡ್ಡ ಲಾಭ. ಎರಡನೆಯದು, ಮೂರನೆಯದು ಬಿಟ್ಟರೆ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ, ಜಾಗ ಮಾತ್ರ ಅಷ್ಟೇ ಹಾಳು. ಪಟ್ಟಿಯಲ್ಲಿರುವ ನೆಟ್‌ಗಳಿಗೆ ಮಾತ್ರ ಹೆಚ್ಚು ಸಂದಿನ ಎನ್‌ಡಿಆರ್ (ಮಾಮೂಲಿಗಿಂತ ಬೇರೆ ರೂಟಿಂಗ್ ನಿಯಮ) ಕೊಡಿ. ಇಡೀ ಡಿಸೈನ್‌ಗೇ ಕೊಟ್ಟರೆ ರೂಟರ್ ಜಾಗ ಸಿಗದೆ ಸುತ್ತಿ ಸುತ್ತಿ ವೈರ್ ಎಳೆಯುತ್ತದೆ. ಸಂದು ಹೆಚ್ಚಾಯಿತು, ಉದ್ದವೂ ಹೆಚ್ಚಾಯಿತು. ಗಿಟ್ಟಿದ್ದೇನು?

ಹಂತ 4: ಜೊತೆಯಾಗಿ ಓಡುವ ಉದ್ದ ಕಡಿಮೆ ಮಾಡಿ

ನಡುವೆ ಒಂದು ವೈರ್ ಅನ್ನು ಬೇರೆ ಟ್ರ್ಯಾಕ್‌ಗೋ ಬೇರೆ ಲೇಯರ್‌ಗೋ ಸರಿಸಿದರೆ ಆಯಿತು. ಮೇಲಿನ, ಕೆಳಗಿನ ಲೇಯರ್ ಅಡ್ಡಡ್ಡ ಇರುವುದರಿಂದ ಅಲ್ಲಿ ದಾಟುವ ಜಾಗದ ಕಪ್ಲಿಂಗ್ ಅಷ್ಟಕ್ಕಷ್ಟೆ.

ಹಂತ 5: ಶೀಲ್ಡ್ ಹಾಕಿ, ಗ್ರೌಂಡ್‌ಗೆ ಕಟ್ಟಿ

ಕ್ಲಾಕ್‌ಗೆ ಅಥವಾ ಅನಲಾಗ್ ಇನ್‌ಪುಟ್‌ಗೆ ಬರೀ ಜಾಗ ಸಾಲದು ಅನ್ನಿಸಿದಾಗ ಶೀಲ್ಡ್. ಅಂದರೆ ವಿಕ್ಟಿಮ್‌ನ ಎರಡೂ ಪಕ್ಕ ಒಂದೊಂದು ಗ್ರೌಂಡ್ ವೈರ್. ಚಿತ್ರದಲ್ಲಿ ನೋಡಲು ಚೆಂದ. ಅದು ಕೆಲಸ ಮಾಡುವುದು ಅಗ್ರೆಸರ್‌ನಿಂದ ಬಂದ ಕರೆಂಟ್ ಶೀಲ್ಡ್ ಮೂಲಕ ಸಲೀಸಾಗಿ ಗ್ರೌಂಡ್‌ಗೆ ಇಳಿದರೆ ಮಾತ್ರ. ಇಳಿಯದಿದ್ದರೆ ಶೀಲ್ಡೇ ಅಲುಗುತ್ತದೆ, ಅಲುಗಿ ಒಳಗಿನ ವೈರ್ ಅನ್ನೂ ಅಲುಗಿಸುತ್ತದೆ. ಎಲ್ಲೂ ಕಟ್ಟದೆ ತೇಲಲು ಬಿಟ್ಟ ಶೀಲ್ಡ್, ನಾಯ್ಸ್ ಅನ್ನು ಆ ಕಡೆಯಿಂದ ಈ ಕಡೆಗೆ ದಾಟಿಸುವ ಸೇತುವೆ. ಅದಿಲ್ಲದಿದ್ದರೇ ವಾಸಿ.

ಲೆಕ್ಕ ನೋಡಿ. ಮೆಟ್3ಯ ಶೀಟ್ ರೆಸಿಸ್ಟೆನ್ಸ್ (ಒಂದು ಚೌಕ ತುಂಡಿನ ರೆಸಿಸ್ಟೆನ್ಸ್) ಸುಮಾರು 0.047 ಓಮ್. 0.30 ಅಗಲದ, 1 ಮಿಲಿಮೀಟರ್ ಉದ್ದದ ಶೀಲ್ಡ್ ಅನ್ನು ಒಂದೇ ತುದಿಯಲ್ಲಿ ಕಟ್ಟಿದರೆ ಇನ್ನೊಂದು ತುದಿಯಿಂದ ಗ್ರೌಂಡ್‌ಗೆ 157 ಓಮ್. ಈಗ ಪವರ್ ಗ್ರಿಡ್ ನೋಡಿ. ಓಪನ್‌ರೋಡ್ ಬಳಸಿ ಇಡೀ ಲೇಔಟ್ ಕಟ್ಟುವ ಓಪನ್‌ಲೇನ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಮೆಟ್4ರ ಗ್ರೌಂಡ್ ಪಟ್ಟಿಗಳು 153.6 ಮೈಕ್ರಾನ್‌ಗೆ ಒಂದರಂತೆ ಮೇಲಿಂದ ಕೆಳಕ್ಕೆ ಇಳಿಯುತ್ತವೆ. ಮೆಟ್3 ಓಡುವುದು ಅಡ್ಡಕ್ಕೆ. ಹಾಗಾಗಿ ನಿಮ್ಮ ಶೀಲ್ಡ್ ಪ್ರತಿ 153.6 ಮೈಕ್ರಾನ್‌ಗೊಮ್ಮೆ ಒಂದು ಗ್ರೌಂಡ್ ಪಟ್ಟಿಯ ಕೆಳಗೆ ಹಾದೇ ಹಾದುಹೋಗುತ್ತದೆ. ಹಾದಲ್ಲೆಲ್ಲ ಒಂದು ವಯಾ (ಎರಡು ಲೇಯರ್ ಸೇರಿಸುವ ಕಂಬ) ಇಳಿಸಿ. ಎರಡು ವಯಾ ನಡುವೆ ತೀರಾ ಒಳಗಿನ ಜಾಗದಿಂದಲೂ ಗ್ರೌಂಡ್ ಈಗ 77 ಮೈಕ್ರಾನ್ ದೂರ, ಒಂದು ಬದಿಯ ದಾರಿಯೇ 12 ಓಮ್. ಎರಡೂ ಬದಿಗೆ ದಾರಿ ಇರುವುದರಿಂದ ಅದರ ಅರ್ಧ. ಬೇಕಾಗಿದ್ದು ನಾಲ್ಕಾರು ವಯಾ, ಅಷ್ಟೇ.

ಇದನ್ನೇ ಮೆಟ್1ರಲ್ಲಿ ಕನಿಷ್ಠ ಅಗಲದಲ್ಲಿ ಎಳೆದು ಒಂದು ತುದಿಯಲ್ಲಿ ಕಟ್ಟಿದರೆ 890 ಓಮ್ ಆಸುಪಾಸು. ಕೆಲವರು ಜಾಗ ಖಾಲಿ ಇದೆ ಅಂತ ಮೆಟ್1ರ ಕೆಳಗಿನ ಎಲ್‌ಐ1 ಲೇಯರ್‌ನಲ್ಲಿ ಶೀಲ್ಡ್ ಎಳೆಯುತ್ತಾರೆ. ಅದು ಅಲ್ಯೂಮಿನಿಯಂ ಅಲ್ಲ, ಟೈಟಾನಿಯಂ ನೈಟ್ರೈಡ್. ಶೀಟ್ ರೆಸಿಸ್ಟೆನ್ಸ್ 12.8 ಓಮ್. ಕನಿಷ್ಠ ಅಗಲದಲ್ಲಿ ಒಂದು ಮಿಲಿಮೀಟರ್‌ಗೆ 75 ಕಿಲೋ ಓಮ್! ಶೀಲ್ಡ್ ಹಾಕಿದೆ ಅನ್ನುವ ಸಮಾಧಾನ ಮಾತ್ರ ಉಳಿಯುತ್ತದೆ.

ವಯಾ ನಿಜವಾಗಿ ಬಿದ್ದಿದೆಯೇ ಎಂದು ಕೆಲೇಔಟ್‌ನಲ್ಲಿ (ಲೇಔಟ್ ನೋಡುವ ಸಾಫ್ಟ್‌ವೇರ್) ಉಳಿದ ಲೇಯರ್‌ಗಳನ್ನು ಮರೆಮಾಡಿ, ಶೀಲ್ಡ್ ಉದ್ದಕ್ಕೂ ಕಣ್ಣಿಟ್ಟು ನೋಡಿ. ಎಲ್‌ವಿಎಸ್ ನಂಬಬೇಡಿ. ಒಂದು ವಯಾ ಇದ್ದರೂ ಅದರ ಪ್ರಕಾರ ಶೀಲ್ಡ್ ಗ್ರೌಂಡ್‌ಗೆ ಸೇರಿದೆ.

ಯಾವ ಗ್ರೌಂಡ್ ಅನ್ನುವುದೂ ಮುಖ್ಯ. ಅನಲಾಗ್ ವೈರ್‌ನ ಶೀಲ್ಡ್ ಅನ್ನು ಡಿಜಿಟಲ್ ಗ್ರೌಂಡ್‌ಗೆ ಕಟ್ಟುವುದೆಂದರೆ ಪಕ್ಕದ ಮನೆ ಮಿಕ್ಸಿಯ ಸದ್ದು ತಡೆಯಲು ಆ ಮಿಕ್ಸಿಯನ್ನೇ ನಮ್ಮ ಕಿಟಕಿ ಮೇಲೆ ತಂದಿಟ್ಟುಕೊಂಡ ಹಾಗೆ. ಆ ಸಿಗ್ನಲ್ ಯಾವ ಗ್ರೌಂಡ್ ಅನ್ನು ಆಧಾರ ಮಾಡಿಕೊಂಡಿದೆಯೋ ಅದಕ್ಕೇ ಶೀಲ್ಡ್ ಕೂಡ ಸೇರಬೇಕು.

ಶೀಲ್ಡ್ ಪುಕ್ಕಟೆ ಬರುವುದಿಲ್ಲ ಎಂಬುದೂ ನೆನಪಿರಲಿ. ಹತ್ತಿರ ಇಟ್ಟಷ್ಟೂ ವಿಕ್ಟಿಮ್‌ನ ಕೆಪಾಸಿಟೆನ್ಸ್ ಏರುತ್ತದೆ. ಕ್ಲಾಕ್ ಆದರೆ ಪವರ್ ಜಾಸ್ತಿ ತಿನ್ನುತ್ತದೆ. ಡೇಟಾ ಬಸ್‌ನ ಪ್ರತಿ ವೈರ್‌ಗೂ ಶೀಲ್ಡ್ ಕೇಳುವವರಿಗೆ ನನ್ನ ಉತ್ತರ ಒಂದೇ: ಬೇಡ.

ಹಂತ 6: ಡ್ರೈವರ್ ಮತ್ತು ಬಫರ್

ವಿಕ್ಟಿಮ್‌ನ ಡ್ರೈವರ್ ಬಲವಾಗಿದ್ದರೆ ಗ್ಲಿಚ್ ಅನ್ನು ಬೇಗ ಎಳೆದು ಹಿಡಿಯುತ್ತದೆ. ಹಾಗಂತ ಕಂಡದ್ದಕ್ಕೆಲ್ಲ 16ರ ಸೈಜಿನ ದೊಡ್ಡ ಬಫರ್ ಹಾಕಬೇಡಿ. ಇವತ್ತಿನ ಬಲವಾದ ವಿಕ್ಟಿಮ್ ನಾಳೆ ಪಕ್ಕದವನ ಅಗ್ರೆಸರ್. ಅದಕ್ಕಿಂತ ಅಗ್ರೆಸರ್‌ನ ಡ್ರೈವರ್ ಅನ್ನೇ ಒಂದು ಸೈಜ್ ಇಳಿಸಿ. ಟೈಮಿಂಗ್‌ನಲ್ಲಿ ಸ್ಲ್ಯಾಕ್ (ಮಿಗುವ ಸಮಯ) ಇದ್ದರೆ ಇದರಷ್ಟು ಅಗ್ಗದ ಮದ್ದಿಲ್ಲ.

ಉದ್ದದ ಬಸ್‌ಗೆ ಇನ್ನೊಂದು ಉಪಾಯ ಇದೆ. ರಿಪೀಟರ್ (ದಾರಿ ನಡುವೆ ಸಿಗ್ನಲ್‌ಗೆ ಮತ್ತೆ ಬಲ ಕೊಡುವ ಗೇಟ್) ಆಗಿ ಇನ್ವರ್ಟರ್ ಹಾಕಿ. ಪಕ್ಕಪಕ್ಕದ ವೈರ್‌ಗಳಲ್ಲಿ ಅವು ಒಂದೇ ಸಾಲಿಗೆ ಬರದಂತೆ, ಒಂದರ ಇನ್ವರ್ಟರ್ ಇನ್ನೊಂದರ ಎರಡು ಇನ್ವರ್ಟರ್‌ಗಳ ನಟ್ಟನಡುವೆ ಬರುವಂತೆ ಇಡಿ. ಆಗ ಪಕ್ಕದ ವೈರ್ ಅರ್ಧ ದಾರಿ ಎದುರು ದಿಕ್ಕಿಗೆ, ಉಳಿದರ್ಧ ಅದೇ ದಿಕ್ಕಿಗೆ ಬದಲಾಗುತ್ತದೆ. ಕೆಟ್ಟದ್ದು, ಒಳ್ಳೆಯದು ಸೇರಿ ಹೆಚ್ಚುಕಡಿಮೆ ವಜಾ ಆಗುತ್ತವೆ. ಡಿರ‍್ಯಾಮ್‌ಗಳಲ್ಲಿ ಬಿಟ್‌ಲೈನ್ ಜೋಡಿಯನ್ನು ನಡುನಡುವೆ ಅದಲುಬದಲು ಮಾಡಿ ತಿರುಚುವುದರ ಹಿಂದೆಯೂ ಇಂಥದೇ ಲೆಕ್ಕ. ಪಕ್ಕದಿಂದ ಬರುವ ನಾಯ್ಸ್ ಜೋಡಿಯ ಎರಡಕ್ಕೂ ಸಮನಾಗಿ ಬಿದ್ದರೆ ಅವುಗಳ ವ್ಯತ್ಯಾಸವನ್ನಷ್ಟೇ ಓದುವ ಸೆನ್ಸ್ ಆಂಪ್ಲಿಫೈಯರ್‌ಗೆ ಅದು ಲೆಕ್ಕಕ್ಕಿಲ್ಲ.

ಹಂತ 7: ಫಿಲ್ ಹಾಕಿದ ಮೇಲೆ ಮತ್ತೆ ಎಕ್ಸ್‌ಟ್ರ್ಯಾಕ್ಟ್ ಮಾಡಿ

ಖಾಲಿ ಜಾಗದಲ್ಲಿ ಲೋಹದ ಸಣ್ಣ ತುಂಡುಗಳನ್ನು ತುಂಬುತ್ತಾರೆ. ಇದೇ ಫಿಲ್. ಪಾಲಿಶ್ ಮಾಡುವಾಗ ಮೇಲ್ಮೈ ಸಮ ಬರಲಿ ಅಂತ. ನೀವು ಕಷ್ಟಪಟ್ಟು ಖಾಲಿ ಬಿಟ್ಟ ಟ್ರ್ಯಾಕ್‌ನಲ್ಲೂ ಇವು ಬಂದು ಕೂರುತ್ತವೆ, ಅದೂ ತೇಲುತ್ತಾ. ಅನಲಾಗ್ ಇನ್‌ಪುಟ್‌ನ ಸುತ್ತ ಫಿಲ್ ಬರದಂತೆ ಮೊದಲೇ ಬ್ಲಾಕ್ ಹಾಕಿ. ಆದರೆ ಡೆನ್ಸಿಟಿ ನಿಯಮ (ಇಂತಿಷ್ಟು ಲೋಹ ಇರಲೇಬೇಕು ಎಂಬುದು) ಮುರಿಯುವಷ್ಟು ದೊಡ್ಡ ಬ್ಲಾಕ್ ಬೇಡ, ಫೌಂಡ್ರಿ (ಚಿಪ್ ಫ್ಯಾಕ್ಟರಿ) ವಾಪಸ್ ಕಳಿಸುತ್ತದೆ. ಫಿಲ್ ಮುಗಿದ ಮೇಲೆ ಹಂತ 2ರ ಪಟ್ಟಿಯ ನೆಟ್‌ಗಳನ್ನಾದರೂ ಮತ್ತೆ ಎಕ್ಸ್‌ಟ್ರ್ಯಾಕ್ಟ್ ಮಾಡಿ, ಅದೇ ಎನ್‌ಜಿಸ್ಪೈಸ್ ಡೆಕ್ (ಸಿಮ್ಯುಲೇಶನ್ ಫೈಲ್) ಓಡಿಸಿ. ಫಿಲ್‌ಗೆ ಮುಂಚಿನ ಗ್ಲಿಚ್ ಎತ್ತರವನ್ನು ಬರೆದಿಟ್ಟುಕೊಂಡಿದ್ದರೆ ಯಾವ ನೆಟ್ ಕೆಟ್ಟಿದೆ ಎಂದು ಕೂಡಲೇ ಗೊತ್ತಾಗುತ್ತದೆ.