ಹೊತ್ತು ಮುಣಗ್ತು ಅಂದರೆ ಏನರ್ಥ? ಕವಿತೆಯ ಧ್ವನಿ ಹಿಡಿಯುವುದು ಹೀಗೆ

ಕಲಬುರಗಿಯ ಕಣ್ಣಿ ಮಾರ್ಕೆಟ್. ಸಂಜೆ ಆರೂವರೆ. ಮೆಂತೆಪಲ್ಯದ ಒಂದು ಸಿವುಡು ಎತ್ತಿ ನೋಡಿದೆ, ಮತ್ತೆ ಕೆಳಗಿಟ್ಟೆ. ಮಾರುವ ಅಜ್ಜಿ ನನ್ನ ಮುಖ ನೋಡದೆಯೇ ಹೇಳಿದಳು: ‘ಹೊತ್ತು ಮುಣಗ್ತು ನೋಡವ್ವಾ.’ ನಾನು ಎರಡು ಸಿವುಡು ತಗೊಂಡೆ. ಒಂದರ ರೇಟಿಗೇ ಎರಡು ಬಂತು. ರೇಟಿನ ಮಾತು ಇಬ್ಬರೂ ಆಡಿರಲಿಲ್ಲ.

ಮನೆಗೆ ಬಂದರೆ ಅವ್ವ ಬಾಗಿಲಲ್ಲೇ ನಿಂತಿದ್ದಳು. ‘ಹೊತ್ತು ಮುಣಗ್ತು’ ಅಂದಳು. ನಾನು ಕೈಕಾಲು ತೊಳೆದು ದೀಪ ಹಚ್ಚಿದೆ.

ಮಾತು ಒಂದೇ. ಒಂದು ಕಡೆ ಅಗ್ಗದ ಸೊಪ್ಪು, ಇನ್ನೊಂದು ಕಡೆ ದೇವರ ದೀಪ. ತಮಾಷೆ ಏನಂದರೆ, 11ನೇ ಶತಮಾನದ ಕಾಶ್ಮೀರದಲ್ಲಿ ಮಮ್ಮಟ ಎಂಬ ಪಂಡಿತ ‘ಕಾವ್ಯಪ್ರಕಾಶ’ ಬರೆಯುವಾಗ ಇದೇ ವಾಕ್ಯವನ್ನು ಉದಾಹರಣೆಗೆ ಎತ್ತಿಕೊಂಡ. ‘ಗತೋಽಸ್ತಮರ್ಕಃ’, ಅಂದರೆ ಸೂರ್ಯ ಮುಳುಗಿದ. ಸೇನಾಪತಿಗೆ ಹೇಳಿದರೆ ಶತ್ರುವಿನ ಮೇಲೆ ಬೀಳಲು ಇದೇ ಸಮಯ ಅಂತ. ಕೆಲಸಗಾರರ ನಡುವೆ ಆಡಿದರೆ ಇನ್ನು ಸಾಕು ಮಾಡೋಣ ಅಂತ. ದನ ಕಾಯುವವನಿಗೆ ಹಟ್ಟಿಗೆ ಹೊಡಿ ಅಂತ. ಅಂಗಡಿಯವನಿಗೆ ಸಾಮಾನು ಎತ್ತಿಡು ಅಂತ. ಇನ್ನು ಸೆಕೆ ಇರುವುದಿಲ್ಲ ಎಂಬ ಅರ್ಥವನ್ನೂ ಅವನು ಪಟ್ಟಿಯಲ್ಲಿ ಸೇರಿಸಿದ್ದಾನೆ. ಮೇ ತಿಂಗಳಲ್ಲಿ ನಮ್ಮ ಊರಲ್ಲಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದನೇನೋ.

ಹೀಗೆ ಹೇಳದೆ ತಿಳಿಯುವ ಅರ್ಥ ಕಾವ್ಯದಲ್ಲಿ ಮುಖ್ಯವಾಗಿ ನಿಂತರೆ ಅದನ್ನು ಧ್ವನಿ ಎನ್ನುತ್ತಾರೆ. ಅದನ್ನು ದೊಡ್ಡ ಸಿದ್ಧಾಂತವಾಗಿ ಕಟ್ಟಿದವನು 9ನೇ ಶತಮಾನದ ಆನಂದವರ್ಧನ. ಕಾಶ್ಮೀರದ ಅವಂತಿವರ್ಮನ ಕಾಲದವನು. ಪುಸ್ತಕ ‘ಧ್ವನ್ಯಾಲೋಕ’. ಕಾವ್ಯದ ಆತ್ಮವೇ ಧ್ವನಿ ಎಂದು ಮೊದಲ ಸಾಲಿನಲ್ಲೇ ಹೇಳಿಬಿಡುತ್ತಾನೆ.

ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು. ಈ ಪಾಠ ಬಂದರೆ ಹುಡುಗರು ಹೆದರುತ್ತಾರೆ. ಹೆಸರುಗಳೇ ಹಾಗಿವೆ. ಅದಕ್ಕೆ ನಾನು ಹೆಸರುಗಳನ್ನು ಆಮೇಲೆ ಹೇಳುತ್ತೇನೆ, ಮೊದಲು ಮಾಡಿಸುತ್ತೇನೆ. ಒಂದು ಸಣ್ಣ ಪದ್ಯ ಹಿಡಿದುಕೊಳ್ಳಿ, ಸಾಕು.

ಮೊದಲ ಹೆಜ್ಜೆ: ನೇರ ಅರ್ಥ ಬಿಡಬೇಡಿ

ಎಲ್ಲರೂ ತಪ್ಪುವುದು ಇಲ್ಲೇ. ಪದ್ಯ ಕಂಡ ಕೂಡಲೇ ‘ಇದರೊಳಗೆ ಏನೋ ಗೂಢ ಇದೆ’ ಅಂತ ಹಾರುತ್ತೇವೆ. ನದಿ ಅಂದರೆ ಬದುಕು, ಹಕ್ಕಿ ಅಂದರೆ ಆತ್ಮ, ಮುಗೀತು. ಆನಂದವರ್ಧನ ಹೀಗೆ ಮಾಡಲು ಬಿಡುವುದಿಲ್ಲ. ಬೆಳಕು ಬೇಕಾದವನು ದೀಪದ ಕುಡಿಯನ್ನು ನೋಡಿಕೊಳ್ಳುತ್ತಾನಲ್ಲ, ಹಾಗೆ ಧ್ವನಿ ಬೇಕಾದವನು ಮೊದಲು ನೇರ ಅರ್ಥವನ್ನು ನೋಡಿಕೊಳ್ಳಬೇಕು ಎನ್ನುತ್ತಾನೆ. ಬತ್ತಿ ಎಣ್ಣೆ ಬಿಟ್ಟು ಬರೀ ಬೆಳಕು ಹಿಡಿಯುತ್ತೇನೆ ಅಂದರೆ ಆಗುತ್ತದೆಯೇ?

ಹಾಗಾಗಿ ಪದ್ಯವನ್ನು ನಿಮ್ಮ ಮನೆಮಾತಿನಲ್ಲಿ ಒಂದು ಸಲ ಬರೆಯಿರಿ. ಯಾರು, ಎಲ್ಲಿ, ಏನು ನಡೆಯಿತು. ಅಷ್ಟೇ. ಈ ಅರ್ಥ ಕೊಡುವ ಶಕ್ತಿಗೆ ಅಭಿಧೆ ಎಂದು ಹೆಸರು.

ಎರಡನೇ ಹೆಜ್ಜೆ: ಅರ್ಥ ಎಲ್ಲಾದರೂ ಮುರಿಯುತ್ತದೆಯೇ ನೋಡಿ

ಸಂಸ್ಕೃತದ ಹಳೆಯ ಉದಾಹರಣೆ: ‘ಗಂಗೆಯ ಮೇಲೆ ಹಟ್ಟಿ’. ನೀರಿನ ಮೇಲೆ ಹಟ್ಟಿ ನಿಲ್ಲುವುದಿಲ್ಲ. ಅಂದರೆ ಗಂಗೆಯ ದಡ ಅಂತ ತಿಳಿಯಬೇಕು. ಇದು ಲಕ್ಷಣೆ. ನಮ್ಮ ಊರಿನವರು ಹೇಳುವುದಿಲ್ಲವೇ, ‘ನಮ್ಮನಿ ಅಪ್ಪನ ಕೆರಿ ಮ್ಯಾಲೇ ಅದರಿ’ ಅಂತ? ಕೆರೆ ಮೇಲೆ ಯಾರ ಮನೆಯೂ ಇಲ್ಲ. ಏರಿಯ ಹತ್ತಿರ ಇದೆ.

ಆದರೆ ಇಲ್ಲಿಗೇ ನಿಲ್ಲಬೇಡಿ. ‘ಕೆರೆ ಹತ್ತಿರ’ ಅಂತ ಸುಮ್ನೆ ಹೇಳಬಹುದಿತ್ತಲ್ಲ? ಯಾಕೆ ‘ಮ್ಯಾಲೇ’ ಅಂದರು? ತಂಪು ಗಾಳಿ ನೇರ ಒಳಗೆ ಬರುತ್ತದೆ, ನಮ್ಮಷ್ಟು ಸುಖ ಯಾರಿಗಿದೆ ಎಂಬ ಹೆಮ್ಮೆ ಅದರಲ್ಲಿದೆ. ಗಂಗೆಯ ಹಟ್ಟಿಯಲ್ಲಿ ತಂಪು ಮತ್ತು ಪಾವಿತ್ರ್ಯ. ಆ ಉಳಿದ ಅರ್ಥವನ್ನು ಅಭಿಧೆ ಕೊಡಲಿಲ್ಲ, ಲಕ್ಷಣೆಯೂ ಕೊಡಲಿಲ್ಲ. ಅದಕ್ಕೆ ಮೂರನೆಯ ಶಕ್ತಿ ಬೇಕು, ವ್ಯಂಜನೆ. ಇದು ಧ್ವನಿವಾದಿಗಳ ಮುಖ್ಯ ವಾದ.

ಕೆಲವು ಸಲ ನೇರ ಅರ್ಥ ಪೂರ್ತಿ ತಲೆಕೆಳಗಾಗುತ್ತದೆ. ಒಂದು ಕಚೇರಿಯಲ್ಲಿ ಒಂದೇ ದಾಖಲೆಗೆ ನನ್ನನ್ನು ನಾಲ್ಕು ಸಲ ಅಲೆಸಿದರು. ಐದನೇ ಸಲ ಕಾಗದ ಕೈಗೆ ಬಂದಾಗ ‘ಭಾಳ ಉಪಕಾರ ಆತ್ರಿ’ ಅಂದೆ. ಅವರು ನಕ್ಕು ‘ಇರಲಿ ಬಿಡ್ರಿ’ ಅಂದರು. ಧ್ವನಿ ತಲುಪಲಿಲ್ಲ ಅಂತ ಕಾಣುತ್ತದೆ. ತಲುಪಬೇಕಾದರೆ ಕೇಳುವವನೂ ತಯಾರಿರಬೇಕು. ಅವನಿಗೇ ಆಲಂಕಾರಿಕರು, ಅಂದರೆ ಕಾವ್ಯಶಾಸ್ತ್ರ ಬರೆದವರು, ಸಹೃದಯ ಎನ್ನುವುದು.

ಮೂರನೇ ಹೆಜ್ಜೆ: ಯಾರು, ಯಾರಿಗೆ, ಯಾವಾಗ?

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂತುಕೊಳ್ಳೋಣ. ಮಮ್ಮಟ ಒಂದು ಪಟ್ಟಿಯನ್ನೇ ಕೊಟ್ಟಿದ್ದಾನೆ. ಹೇಳಿದವರು ಯಾರು? ಕೇಳಿಸಿಕೊಳ್ಳುವವರು ಯಾರು? ಯಾವ ದನಿಯಲ್ಲಿ ಹೇಳಿದರು? ಪಕ್ಕದಲ್ಲಿ ಇನ್ಯಾರಾದರೂ ಇದ್ದಾರಾ? ಯಾವ ಸಂದರ್ಭ, ಯಾವ ಜಾಗ, ಯಾವ ಹೊತ್ತು? ಇವೆಲ್ಲ ನೋಡಿದರೆ ಪ್ರತಿಭೆ ಇರುವವರಿಗೆ ಇನ್ನೊಂದು ಅರ್ಥ ಹೊಳೆಯುತ್ತದೆ ಎನ್ನುತ್ತಾನೆ. ಆ ‘ಪ್ರತಿಭೆ ಇರುವವರಿಗೆ’ ಎಂಬ ಮಾತು ಪಟ್ಟಿಯಲ್ಲಿ ಮೆಲ್ಲಗೆ ನುಸುಳಿದೆ. ಇರಲಿ.

ಈಗ ಒಂದು ಪದ್ಯದ ಮೇಲೆ ಪ್ರಯೋಗ ಮಾಡೋಣ. ಆನಂದವರ್ಧನನೇ ಕೊಡುವ ಉದಾಹರಣೆ. ಸಂಸ್ಕೃತದ್ದಲ್ಲ, ಪ್ರಾಕೃತದ್ದು. ಶಾತವಾಹನ ದೊರೆ ಹಾಲನ ಹೆಸರಲ್ಲಿ ಉಳಿದಿರುವ ಗಾಥಾ ಸಂಗ್ರಹದಿಂದ ಬಂದದ್ದು. ಪ್ರಾಕೃತ ಅಂದರೆ ದೂರದ ಭಾಷೆ ಅಂದುಕೊಳ್ಳಬೇಡಿ. ನಮ್ಮ ಜಿಲ್ಲೆಯಲ್ಲೇ, ಭೀಮಾ ದಡದ ಸನ್ನತಿ ಹತ್ತಿರದ ಕನಗನಹಳ್ಳಿ ಸ್ತೂಪದಲ್ಲಿ ಶಾತವಾಹನ ದೊರೆಗಳ ಶಿಲ್ಪಗಳಿವೆ, ಪ್ರಾಕೃತದ ಬರಹಗಳಿವೆ. ಪದ್ಯದ ಜಾಗವೂ ಗೋದಾವರಿ ದಡ. ಅದರ ಸಾರ ಹೀಗಿದೆ:

ಧಾರ್ಮಿಕನೇ, ನಿಶ್ಚಿಂತೆಯಿಂದ ಓಡಾಡು. ಆ ನಾಯಿ ಇತ್ತಲ್ಲ, ಅದನ್ನು ಗೋದಾವರಿ ದಡದ ಪೊದೆಯಲ್ಲಿರುವ ಸೊಕ್ಕಿದ ಸಿಂಹ ಇವತ್ತು ಕೊಂದುಹಾಕಿತು.

ಮೊದಲ ಹೆಜ್ಜೆ: ನೇರ ಅರ್ಥ ‘ಓಡಾಡು’. ಎರಡನೇ ಹೆಜ್ಜೆ: ವಾಕ್ಯ ಎಲ್ಲೂ ಮುರಿದಿಲ್ಲ. ಇನ್ನು ಪಟ್ಟಿ ತೆಗೆಯಿರಿ. ಹೇಳುವವಳು ಒಬ್ಬ ಹೆಣ್ಣು. ಅದೇ ದಡದ ಪೊದೆಯಲ್ಲಿ ಅವಳು ನಲ್ಲನನ್ನು ಕಾಣುತ್ತಾಳೆ. ಕೇಳುವವನು ಹೂ ಕೊಯ್ಯಲು ಅಲ್ಲಿಗೆ ಬರುವ ಪೂಜೆಯ ಮನುಷ್ಯ, ಒಂದು ನಾಯಿಗೇ ಹೆದರುವವನು. ಈಗ ಮತ್ತೆ ಓದಿ. ನಾಯಿ ಹೋಯಿತು ಅಂತ ಸಮಾಧಾನ ಹೇಳುತ್ತಾ ಸಿಂಹವನ್ನು ತಂದು ನಿಲ್ಲಿಸಿದ್ದಾಳೆ. ‘ಓಡಾಡು’ ಅಂದರೆ ‘ಈ ಕಡೆ ಹೆಜ್ಜೆ ಇಡಬೇಡ’!

ಕ್ಲಾಸಿನಲ್ಲಿ ಒಬ್ಬ ಹುಡುಗ ಹೇಳಿದ: ‘ಮೇಡಮ್, ಆಕಿ ಬರಬ್ಯಾಡ ಅಂದಿದ್ರ ಅಂವ ಯಾಕಂತ ಕೇಳ್ತಿದ್ದ.’ ಎಷ್ಟೋ ವ್ಯಾಖ್ಯಾನಗಳಿಗಿಂತ ಈ ಮಾತು ನನಗೆ ಇಷ್ಟ. ಅವಳು ಬೇಡ ಎನ್ನದೆ ಹೋದದ್ದು ಅಲಂಕಾರಕ್ಕಲ್ಲ. ಬೇಡ ಅಂದರೆ ಗುಟ್ಟು ಬಯಲಾಗುತ್ತಿತ್ತು.

ಉಲ್ಟಾ ಉದಾಹರಣೆಯೂ ಇದೆ. ರಾತ್ರಿ ತಂಗಲು ಬಂದ ದಾರಿಹೋಕನಿಗೆ ಹೆಣ್ಣೊಬ್ಬಳು ಹೇಳುತ್ತಾಳೆ: ಅತ್ತೆ ಇಲ್ಲಿ ಮಲಗುತ್ತಾಳೆ, ನಾನು ಇಲ್ಲಿ, ಬೆಳಕಿದ್ದಾಗಲೇ ನೋಡಿಕೋ, ರಾತ್ರಿ ಕಣ್ಣು ಕಾಣದೆ ನಮ್ಮ ಹಾಸಿಗೆ ಮೇಲೆ ಬಿದ್ದೀಯ. ಬಾಯಲ್ಲಿ ಬೇಡ ಅಂತಿದೆ. ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಈ ಸಿಂಹದ ಪದ್ಯದ ಮೇಲೆ ದೊಡ್ಡ ಜಗಳವೇ ನಡೆದಿದೆ. ಮಹಿಮಭಟ್ಟ ಎಂಬವನು ‘ವ್ಯಕ್ತಿವಿವೇಕ’ ಬರೆದು, ಧ್ವನಿಯೂ ಇಲ್ಲ ಗಿನಿಯೂ ಇಲ್ಲ, ಎಲ್ಲ ಊಹೆ ಅಂದ. ಹೊಗೆ ಕಂಡರೆ ಬೆಂಕಿ ಅಂತ ತಿಳಿಯುವ ಹಾಗೆ, ಸಿಂಹ ಇದೆ ಅಂದರೆ ಹೆದರುವವನು ಹೋಗಬಾರದು ಅಂತ ತಿಳಿಯುತ್ತದೆ, ಅಷ್ಟೇ ಎಂದು ಅವನ ವಾದ. ಮಮ್ಮಟ ಬಿಡಲಿಲ್ಲ. ಹೆದರುವವನು ಕೂಡ ಗುರು ಹೇಳಿದ ಅಂತಲೋ, ಪ್ರೀತಿಗೆ ಬಿದ್ದೋ ಹೋಗುತ್ತಾನಲ್ಲ? ಅಲ್ಲದೆ ಅಲ್ಲಿ ಸಿಂಹ ಇದೆ ಎಂಬುದಕ್ಕೆ ಸಾಕ್ಷಿ ಯಾರು? ಅವಳ ಮಾತು! ಹೊಗೆಯೇ ಸುಳ್ಳಾಗಿರಬಹುದಾದಾಗ ಬೆಂಕಿಯನ್ನು ಹೇಗೆ ಸಾಧಿಸುತ್ತೀರಿ? ನಾನು ಮಮ್ಮಟನ ಪಕ್ಷ. ಆದರೆ ಮಹಿಮಭಟ್ಟ ಕೇಳಿದ ಪ್ರಶ್ನೆ ಒಳ್ಳೆಯದು. ‘ಹೊಳೆಯಿತು’ ಅನ್ನುವವರನ್ನು ‘ಹೇಗೆ ಹೊಳೆಯಿತು, ತೋರಿಸು’ ಅಂತ ಕೇಳುವವರು ಇರಬೇಕು.

ನಾಲ್ಕನೇ ಹೆಜ್ಜೆ: ಭಾವದ ಹೆಸರು ಹುಡುಕಬೇಡಿ, ಕೈ ಏನು ಮಾಡುತ್ತಿದೆ ನೋಡಿ

ಕಾಳಿದಾಸನ ‘ಕುಮಾರಸಂಭವ’, 6ನೇ ಸರ್ಗ. ಶಿವನಿಗೆ ಹೆಣ್ಣು ಕೇಳಲು ಋಷಿಗಳು ಹಿಮವಂತನ ಮನೆಗೆ ಬಂದಿದ್ದಾರೆ. ಅಂಗಿರಸ ಮಾತಾಡುತ್ತಿದ್ದಾನೆ. ಪಾರ್ವತಿ ತಂದೆಯ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತು, ಕೈಯಲ್ಲಿದ್ದ ಕಮಲದ ಎಸಳು ಎಣಿಸುತ್ತಿದ್ದಳು.

ಪದ್ಯ ಮುಗಿಯಿತು. ನಾಚಿಕೆ ಎಂಬ ಮಾತಿಲ್ಲ, ಸಂತೋಷ ಎಂಬ ಮಾತಿಲ್ಲ. ತನ್ನ ಮದುವೆಯ ಮಾತು ಕಿವಿಗೆ ಬೀಳುತ್ತಿದೆ, ತಪಸ್ಸು ಮಾಡಿ ಪಡೆದವನ ಹೆಸರು ಬರುತ್ತಿದೆ, ಅಪ್ಪ ಪಕ್ಕದಲ್ಲೇ ಇದ್ದಾನೆ. ಅವಳು ಎಸಳು ಎಣಿಸುತ್ತಾಳೆ. ಎಷ್ಟಿದ್ದವು ಅಂತ ಕೇಳಿದರೆ ಖಂಡಿತ ಹೇಳುತ್ತಿರಲಿಲ್ಲ.

ಪರೀಕ್ಷೆ ಮಾಡಿ ನೋಡಿ. ‘ಎಸಳು ಎಣಿಸಿದಳು’ ತೆಗೆದು ‘ನಾಚಿದಳು’ ಅಂತ ಹಾಕಿ. ಸುದ್ದಿ ತಲುಪಿತು, ಪಾರ್ವತಿ ಹೋದಳು. ಶೃಂಗಾರ ಶೃಂಗಾರ ಅಂತ ಎಷ್ಟು ಸಲ ಬರೆದರೂ ಶೃಂಗಾರ ಹುಟ್ಟುವುದಿಲ್ಲ ಎಂದು ಆನಂದವರ್ಧನ ವಾದಿಸುವುದು ಇದನ್ನೇ. ನಮ್ಮ ಕಡೆಯೂ ಹೆಣ್ಣು ನೋಡಲು ಬಂದಾಗ ಹುಡುಗಿ ಸೆರಗಿನ ತುದಿ ಸುತ್ತುತ್ತಾ ಕೂರುತ್ತಿದ್ದಳು ಅಂತ ಅವ್ವ ಹೇಳುತ್ತಾಳೆ. ಈಗ ಮೊಬೈಲ್ ನೋಡುತ್ತಾರೆ. ಎಸಳು ಎಣಿಸುವುದಕ್ಕೆ ಅದೂ ಒಂದು ದಾರಿಯೇ.

ಐದನೇ ಹೆಜ್ಜೆ: ಹೊಳೆದದ್ದು ಯಾವ ಜಾತಿಯದು?

ಹೆಸರಿನ ಭಾಗ, ಬೇಗ ಮುಗಿಸೋಣ. ಹೊಳೆದದ್ದು ಒಂದು ಸಂಗತಿಯಾದರೆ ವಸ್ತುಧ್ವನಿ. ಸಿಂಹದ ಪದ್ಯ ಹಾಗೆ. ಒಂದು ಹೋಲಿಕೆಯೋ ರೂಪಕವೋ ಹೊಳೆದರೆ ಅಲಂಕಾರಧ್ವನಿ. ಶೃಂಗಾರ, ಕರುಣದಂಥ ಒಂದು ರಸವೇ ಮನಸ್ಸು ತುಂಬಿದರೆ ರಸಧ್ವನಿ. ಮೂರರಲ್ಲಿ ಇದಕ್ಕೇ ಹೆಚ್ಚಿನ ಬೆಲೆ. 1000ದ ಆಸುಪಾಸಿನಲ್ಲಿ ‘ಧ್ವನ್ಯಾಲೋಕ’ಕ್ಕೆ ‘ಲೋಚನ’ ಎಂಬ ವ್ಯಾಖ್ಯಾನ ಬರೆದ ಅಭಿನವಗುಪ್ತ ಇದನ್ನು ಇನ್ನಷ್ಟು ಒತ್ತಿ ಹೇಳಿದ.

ಮೊದಲೆರಡರಲ್ಲಿ ಗಂಟೆ ಬಡಿದ ಮೇಲೆ ಅದರ ಅನುರಣನ ಬರುವ ಹಾಗೆ ಅರ್ಥ ಒಂದು ಕ್ಷಣ ಬಿಟ್ಟು ಬರುತ್ತದೆ. ಬಂದದ್ದು ಗೊತ್ತಾಗುತ್ತದೆ. ರಸದಲ್ಲಿ ಆ ಅಂತರ ಗೊತ್ತಾಗುವುದೇ ಇಲ್ಲ. ಒಂದರ ಮೇಲೊಂದು ಇಟ್ಟ ನೂರು ಎಸಳಿಗೆ ಸೂಜಿ ಚುಚ್ಚಿದ ಹಾಗೆ. ಒಂದೊಂದಾಗಿಯೇ ತೂತಾಗುತ್ತವೆ, ಆದರೆ ಎಲ್ಲ ಒಟ್ಟಿಗೆ ಆದಂತೆ ಕಾಣುತ್ತದೆ.

ಆರನೇ ಹೆಜ್ಜೆ: ಯಾವುದು ಮೇಲೆ?

ಹೊಳೆದ ಅರ್ಥಕ್ಕಿಂತ ನೇರ ಮಾತೇ ಚೆಂದವಾಗಿದ್ದರೆ ಅದನ್ನು ಧ್ವನಿ ಅನ್ನುವುದಿಲ್ಲ, ಗುಣೀಭೂತವ್ಯಂಗ್ಯ ಅನ್ನುತ್ತಾರೆ. ಅದೇನೂ ಕೆಟ್ಟದ್ದಲ್ಲ. ಎಲ್ಲ ಪದ್ಯದಲ್ಲೂ ಧ್ವನಿ ಇರಲೇಬೇಕು ಅಂತ ಹಟ ಹಿಡಿಯಬೇಡಿ. ನಿಮಗೆ ಹೊಳೆದದ್ದಕ್ಕೆ ಪದ್ಯದೊಳಗಿನ ಒಂದು ಮಾತನ್ನಾದರೂ ಬೆರಳಿಟ್ಟು ತೋರಿಸಲು ಆಗದಿದ್ದರೆ, ಅದು ನಿಮ್ಮ ಕವಿತೆ, ಆ ಕವಿಯದ್ದಲ್ಲ.

ಇನ್ನು ಇದೆಲ್ಲ ಕಾಶ್ಮೀರದ ಮಾತು, ನಮಗೇನು ಅನ್ನುವವರಿಗೆ ಒಂದು ವಿಷಯ. ಆನಂದವರ್ಧನ ಬರೆದ ಅದೇ ಶತಮಾನದಲ್ಲಿ, ಸುಮಾರು 850ರ ಹೊತ್ತಿಗೆ, ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ನೃಪತುಂಗನ ಆಸ್ಥಾನದ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದ. ಮಾನ್ಯಖೇಟ ಅಂದರೆ ನಮ್ಮ ಸೇಡಂ ತಾಲೂಕಿನ ಮಳಖೇಡ, ಕಾಗಿಣಾ ದಡ. ಅದರಲ್ಲೂ ಧ್ವನಿಯ ಮಾತು ಬರುತ್ತದೆ. ಅಲ್ಲಿ ಧ್ವನಿ ಕಾವ್ಯದ ಆತ್ಮವಲ್ಲ, ಅಲಂಕಾರಗಳಲ್ಲಿ ಒಂದು. ಕೊಟ್ಟ ಉದಾಹರಣೆಯೂ ಚೆಂದ: ಕಮಲದಲ್ಲಿ ಒಂದು ಜೋಡಿ ಅನಿಮಿಷ ಕಾಣುತ್ತಿದೆ, ಏನು ಸೋಜಿಗ! ಅನಿಮಿಷ ಅಂದರೆ ಮೀನು, ರೆಪ್ಪೆ ಬಡಿಯದ್ದು ಅಂತಲೂ ಆಗುತ್ತದೆ. ನಾನು ಅದನ್ನು ಒಂದು ಮುಖ, ಎರಡು ಕಣ್ಣು ಅಂತ ಓದುತ್ತೇನೆ. ಕಣ್ಣು ಎಂಬ ಮಾತು ಅಲ್ಲಿಲ್ಲ.

ಹೋದ ಚಳಿಗಾಲದಲ್ಲಿ ಒಂದು ಸಂಜೆ ಮಳಖೇಡದ ಕೋಟೆಯ ಹತ್ತಿರ ಇದೇ ಪದ್ಯ ಓದುತ್ತಾ ಕೂತಿದ್ದೆ. ಒಬ್ಬ ಮುದುಕ ಆಡು ಮೇಯಿಸುತ್ತಿದ್ದ. ಎದ್ದು, ಕೋಲು ಹೆಗಲಿಗೆ ಹಾಕಿ, ಯಾರ ಕಡೆಯೂ ನೋಡದೆ ‘ಹೊತ್ತು ಮುಣಗ್ತು’ ಅಂದ. ನನಗೆ ಹೇಳಿದನೋ, ಆಡಿಗೆ ಹೇಳಿದನೋ ಅಂತ ನಾನು ಪಟ್ಟಿ ತೆಗೆದು ಯೋಚನೆ ಮಾಡುತ್ತಿದ್ದೆ. ಆಡುಗಳು ಆಗಲೇ ಎದ್ದು ಹೊರಟಿದ್ದವು.