ಸರ್ಕಾರದ ಸುದ್ದಿ ಬರೆಯುವಾಗ ಯಾವ ಪದ ಎಲ್ಲಿ?

ಇಂಗ್ಲಿಷಿನಲ್ಲಿ ಸರ್ಕಾರದ ಬಗ್ಗೆ ಬರೆಯುವವರಿಗೆ ದೊಡ್ಡಕ್ಷರ ಎಲ್ಲಿ, ಸಣ್ಣಕ್ಷರ ಎಲ್ಲಿ ಅನ್ನೋದೇ ತಲೆನೋವು. ನಮ್ಮ ಲಿಪಿಯಲ್ಲಿ ಆ ಭೇದವೇ ಇಲ್ಲ. ಹಾಗಾಗಿ ಯಾವ ಸಭೆ, ಯಾವ ಸರ್ಕಾರ ಅಂತ ಪದವೇ ಹೇಳಬೇಕು. ಹೊಸದಾಗಿ ವರದಿ ಬರೆಯುವವರು ಎಡವೋದು ಇಲ್ಲೇ.

ಮೊದಲು ಪೂರ್ತಿ ಹೆಸರು ಬರೆಯಿರಿ. ಸುಮ್ನೆ "ಸಭೆ ಒಪ್ಪಿತು" ಅಂದರೆ ಸಂಪುಟ ಸಭೆಯೋ ವಿಧಾನಸಭೆಯೋ ಗೊತ್ತಾಗಲ್ಲ. 224 ಸದಸ್ಯರ ವಿಧಾನಸಭೆ ಬೇರೆ, 75 ಸದಸ್ಯರ ವಿಧಾನ ಪರಿಷತ್ತು ಬೇರೆ. ವಿಧಾನಸೌಧ ಕಟ್ಟಡದ ಹೆಸರು. ಅಧಿವೇಶನ ಬೆಳಗಾವಿಯಲ್ಲಿದ್ದರೆ ಅದು ಸುವರ್ಣ ವಿಧಾನಸೌಧ.

ಎರಡನೆಯದು ಮಸೂದೆ ಮತ್ತು ಕಾಯ್ದೆ. ಇಲ್ಲಿ ಅವಸರ ಬೇಡ. ಸಂಪುಟ ಒಪ್ಪಿದ ಸಂಜೆಯೇ "ಹೊಸ ಕಾಯ್ದೆ ಜಾರಿ" ಅಂತ ಬರೆದುಬಿಡುತ್ತಾರೆ, ಓದಿದವರು ಮರುದಿನ ಕಚೇರಿಗೆ ಹೋಗಿ ಕೇಳುತ್ತಾರೆ, ಅಲ್ಲಿ ಯಾರಿಗೂ ಏನೂ ಗೊತ್ತಿರಲ್ಲ. ಸಂಪುಟ ಒಪ್ಪಿದ್ದು ಇನ್ನೂ ಮಸೂದೆ. ಸದನದಲ್ಲಿ ಮಂಡಿಸಿದಾಗಲೂ ಮಸೂದೆಯೇ. ಎರಡೂ ಸದನ ಅಂಗೀಕರಿಸಿದ ಮೇಲೂ ಮಸೂದೆಯೇ. ರಾಜ್ಯಪಾಲರ ಅಂಕಿತ ಬಿದ್ದ ಮೇಲೆ ಮಾತ್ರ ಕಾಯ್ದೆ (ಕೆಲವನ್ನು ಅವರು ರಾಷ್ಟ್ರಪತಿಗೆ ಕಳಿಸುತ್ತಾರೆ, ಆಗ ಅಲ್ಲಿನ ಅಂಕಿತಕ್ಕೆ ಕಾಯಬೇಕು). ಆಮೇಲೂ "ಜಾರಿ" ಅನ್ನುವ ಮೊದಲು ರಾಜ್ಯಪತ್ರ (ಸರ್ಕಾರದ ಗೆಜೆಟ್) ತೆಗೆದು ದಿನಾಂಕ ನೋಡಿ, ಯಾಕಂದರೆ ಕೆಲವು ಕಾಯ್ದೆ ಬೇರೆ ಅಧಿಸೂಚನೆ ಬಂದ ಮೇಲೇ ಜಾರಿಗೆ ಬರುತ್ತವೆ. ಅಧಿವೇಶನ ಇಲ್ಲದಾಗ ಬರುವುದು ಸುಗ್ರೀವಾಜ್ಞೆ. ಸದನ ಮತ್ತೆ ಸೇರಿ ಆರು ವಾರದೊಳಗೆ ಅದರ ಜಾಗಕ್ಕೆ ಕಾಯ್ದೆ ಬರದಿದ್ದರೆ ಅದು ಬಿದ್ದುಹೋಗುತ್ತದೆ. ಇಲಾಖೆಯ ಸುತ್ತೋಲೆಯನ್ನಂತೂ ಕಾನೂನು ಅಂತ ಕರೆಯಲೇಬೇಡಿ.

ಪತ್ರಿಕಾ ಪ್ರಕಟಣೆಯನ್ನು ಅನುವಾದದ ಆ್ಯಪ್‌ಗೆ ಹಾಕಿ ಬಂದದ್ದನ್ನು ಹಾಗೇ ಅಂಟಿಸುವ ಅಭ್ಯಾಸ ಬಿಡಿ. ಇಂಗ್ಲಿಷಿನ "ಹೌಸ್" ಅನ್ನು ಸದನ ಅನ್ನದೆ "ಮನೆ" ಮಾಡಿದ ಪ್ರತಿ ನನ್ನ ಕೈಗೆ ಬಂದಿದೆ, ತಿದ್ದೋಕೆ ಹೊಸದಾಗಿ ಬರೆಯುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು.

"ಸರ್ಕಾರ", "ಸರಕಾರ" ಎರಡೂ ನಡೆಯುತ್ತವೆ, ಒಂದನ್ನೇ ಹಿಡಿಯಿರಿ. ನನ್ನ ಆಯ್ಕೆ "ಸರ್ಕಾರ". "ಮಾನ್ಯ", "ಸನ್ಮಾನ್ಯ" ಆಹ್ವಾನ ಪತ್ರಿಕೆಗೆ ಇರಲಿ. ಸುದ್ದಿಯಲ್ಲಿ "ಸಚಿವರು ಹೇಳಿದರು" ಅಂದರೆ ಗೌರವ ಅದರಲ್ಲೇ ಬಂತು, ಅಲ್ವಾ?

ಹಳೆಯ ಸಂಗತಿ ಬರೆಯುವಾಗ ಇಸವಿ ನೋಡಿ. 1956ರ ನವೆಂಬರ್ 1ರಿಂದ 1973ರ ಅಕ್ಟೋಬರ್ 31ರವರೆಗಿನದಾದರೆ ಮೈಸೂರು ರಾಜ್ಯ ಅಂತ ಬರೆದು, ಆವರಣದಲ್ಲಿ "ಈಗಿನ ಕರ್ನಾಟಕ" ಅಂತ ಸೇರಿಸಿ.