ಅಮ್ಮನ ಮರೆವು ಮತ್ತು ನೀರಿನ ಮಾತ್ರೆ

ಎಪ್ಪತ್ತು ದಾಟಿದ ನನ್ನ ತಾಯಿಗೆ ಮಂಪರು, ವಾಕರಿಕೆ, ನಡೆಯುವಾಗ ತೂರಾಟ ಶುರುವಾದಾಗ ನೆಂಟರೆಲ್ಲ ಅರಳು ಮರಳು ಎಂದು ತೀರ್ಮಾನಿಸಿಬಿಟ್ಟರು. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಮೊಮ್ಮಗನ ಹೆಸರಿಗೆ ತಡಕಾಡುವುದು ಕಂಡು ನನಗೂ ಭಯವಾಗಿತ್ತು. ಆದರೆ ಒಂದು ಸಂಗತಿ ಕಾಡುತ್ತಲೇ ಇತ್ತು. ಮುಪ್ಪಿನ ಮರೆವು ಸಾಮಾನ್ಯವಾಗಿ ವರ್ಷಗಟ್ಟಲೆ ಮೆಲ್ಲಗೆ ಬೆಳೆಯುತ್ತದೆ. ಅಮ್ಮನದು ಕೆಲವೇ ವಾರಗಳಲ್ಲಿ ಬಂದಿತ್ತು.

ಔಷಧಿಯ ಮೇಲೆ ಅನುಮಾನ ಹುಟ್ಟಿದೊಡನೆ ಎಲ್ಲ ಮಾತ್ರೆಗಳನ್ನೂ ಎತ್ತಿ ಬಿಸಾಡಬೇಕು ಅನ್ನಿಸುತ್ತದೆ. ನಾನು ಒಂದನ್ನೂ ನಿಲ್ಲಿಸಲಿಲ್ಲ. ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಒತ್ತಡ ಮೊದಲಿಗಿಂತ ಮೇಲೇರುವ ಅಪಾಯವಿದೆ. ಅದರ ಬದಲು ದಿನಾಂಕಗಳನ್ನು ಹುಡುಕಿದೆ. ಮೆಡಿಕಲ್ ಸ್ಟೋರಿನ ರಸೀದಿಗಳೆಲ್ಲ ಒಂದು ಡಬ್ಬಿಯಲ್ಲಿದ್ದವು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಅಮ್ಮ ‘ಕಾಲು ಊತ’, ‘ಊಟ ಸೇರಲಿಲ್ಲ’ ಎಂದು ಬರೆದಿಡುತ್ತಿದ್ದರು. ಆಮೇಲಿನ ಪುಟದಲ್ಲಿ ಹಾಲಿನ ಲೆಕ್ಕವೂ ನಿಂತುಹೋಗಿತ್ತು.

ಒಂದು ಹಾಳೆಯ ಎಡಕ್ಕೆ ಮಾತ್ರೆಗಳನ್ನು, ಬಲಕ್ಕೆ ತೊಂದರೆಗಳನ್ನು ದಿನಾಂಕದ ಕ್ರಮದಲ್ಲಿ ಬರೆದಾಗ ಇಡೀ ಕಥೆ ಸರಪಳಿಯಂತೆ ಕಾಣಿಸಿತು. ಮೊದಲು ಮೊಣಕಾಲು ನೋವಿಗೆ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ. ಬಳಿಕ ರಕ್ತದೊತ್ತಡ ಏರಿತು. ಒತ್ತಡದ ಮಾತ್ರೆ ಆಮ್ಲೋಡಿಪಿನ್ 5 ಮಿಲಿಗ್ರಾಂನಿಂದ 10ಕ್ಕೆ ಹೋಯಿತು. ಪಾದಗಳು ಊದಿಕೊಂಡವು. ಊತ ಇಳಿಸಲು ಇನ್ನೊಬ್ಬ ವೈದ್ಯರು ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚಿಸಿ ಮೈಯ ನೀರಿಳಿಸುವ ಹೈಡ್ರೋಕ್ಲೋರೋಥಯಜೈಡ್, ಸೇರಿಸಿದರು. ಮಂಪರು ಕಾಣಿಸಿಕೊಂಡದ್ದು ಅದಾದ ಮೇಲೆ.

ಪರಿಚಯದ ಫಾರ್ಮಾಸಿಸ್ಟ್ ಒಬ್ಬರು ಹಾಳೆ ನೋಡಿದವರೇ, ‘ರಕ್ತದ ಸೋಡಿಯಂ ನೋಡಿದ್ದಾರಾ, ಕೇಳಿ’ ಎಂದರು. ಅಡ್ಡಪರಿಣಾಮವೇ ಎಂದು ಸುಮ್ಮನೆ ಕೇಳಿದರೆ ಎಲ್ಲ ಔಷಧಿಗೂ ಒಂದಿಷ್ಟು ಇದ್ದೇ ಇರುತ್ತದೆ ಎಂಬ ಉತ್ತರ ಸಿಗುತ್ತದೆ. ನಾನು ಹಾಳೆಯನ್ನು ವೈದ್ಯರ ಮೇಜಿನ ಮೇಲಿಟ್ಟು ಸೋಡಿಯಂ ಒಂದನ್ನೇ ಕೇಳಿದೆ. ಅವರು ಹಾಳೆಯನ್ನು ಎರಡು ಸಲ ಓದಿ ತಕ್ಷಣ ರಕ್ತಪರೀಕ್ಷೆಗೆ ಬರೆದುಕೊಟ್ಟರು. 135ರಿಂದ 145ರ ನಡುವೆ ಇರಬೇಕಾದದ್ದು 121ಕ್ಕೆ ಇಳಿದಿತ್ತು. ಅಂದೇ ಆಸ್ಪತ್ರೆಗೆ ಸೇರಿಸಿದೆವು.

ಉಪ್ಪು ಕಡಿಮೆಯಾಗಿದ್ದರೆ ಉಪ್ಪು ತಿನ್ನಿಸಿದರಾಯಿತು ಎನ್ನುವವರಿಗೆ ಒಂದು ಮಾತು ಹೇಳಲೇಬೇಕು. ಇಷ್ಟು ಇಳಿದ ಸೋಡಿಯಂ ಅನ್ನು ಅವಸರದಲ್ಲಿ ಏರಿಸಿದರೆ ಮೆದುಳಿನ ನರತಂತುಗಳ ಹೊದಿಕೆಗೆ ಕಾಯಂ ಹಾನಿಯಾಗಬಹುದು. ಅದಕ್ಕೇ ವೈದ್ಯರು ಪದೇ ಪದೇ ರಕ್ತ ಪರೀಕ್ಷಿಸುತ್ತ ನಿಧಾನವಾಗಿ ಏರಿಸುತ್ತಾರೆ. ಇದು ಮನೆಯಲ್ಲಿ ಮಾಡುವ ಕೆಲಸವಲ್ಲ.

ಅಮ್ಮನ ನೀರಿನ ಮಾತ್ರೆ ಸೇರಿದ ಥಯಜೈಡ್ ಗುಂಪಿನ ಮಾತ್ರೆಗಳಿಂದ ಹೀಗೆ ಸೋಡಿಯಂ ಇಳಿಯುವುದು ವಯಸ್ಸಾದ, ತೂಕ ಕಡಿಮೆಯಿರುವ ಹೆಂಗಸರಲ್ಲಿ ಹೆಚ್ಚು ಎಂದು ವೈದ್ಯರು ವಿವರಿಸಿದರು. ಆಮ್ಲೋಡಿಪಿನ್‌ನಿಂದ ಬರುವ ಊತಕ್ಕೆ ನೀರಿನ ಮಾತ್ರೆ ಹೆಚ್ಚು ನಾಟುವುದೂ ಇಲ್ಲವಂತೆ. ಕಿರು ರಕ್ತನಾಳಗಳು ಹಿಗ್ಗಿ ದ್ರವ ಹೊರಗೆ ಜಿನುಗುವುದೇ ಆ ಊತಕ್ಕೆ ಕಾರಣ. ಅಮ್ಮನಿಗೆ ಬೇಕಿಲ್ಲದ ಮಾತ್ರೆಯೊಂದು ಅವರನ್ನು ಮರೆವಿನ ರೋಗಿಯ ಪಟ್ಟಿಗೆ ಸೇರಿಸುವುದರಲ್ಲಿತ್ತು ಎಂಬುದು ನೆನಪಾದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾತ್ರೆಯೇ ಕಾರಣವೆಂದು ನಂಬಲು ಕಾಲಕ್ರಮ ಒಂದೇ ಸಾಲದು. ನಿಲ್ಲಿಸಿದ ಮೇಲೆ ತೊಂದರೆ ಇಳಿಯಿತೇ, ಬೇರೆ ಕಾರಣವಿತ್ತೇ ಎಂದೂ ನೋಡಬೇಕು. 1981ರಲ್ಲಿ ಬಂದ ನರಾಂಜೋ ಮಾಪಕ ಎಂಬ ಹತ್ತು ಪ್ರಶ್ನೆಗಳ ಪಟ್ಟಿ ಇದನ್ನೇ ಅಳೆಯುತ್ತದೆ. ಅಮ್ಮನ ಥೈರಾಯ್ಡ್, ಮೂತ್ರಪಿಂಡ ಎರಡೂ ಸರಿಯಿದ್ದವು. ಮಾತ್ರೆ ನಿಂತು ಸೋಡಿಯಂ ಏರಿದಂತೆ ಮಾತು ತಿಳಿಯಾಯಿತು.

ಭಾರತದ ಔಷಧಿ ಸುರಕ್ಷತಾ ಕಾರ್ಯಕ್ರಮಕ್ಕೆ ರೋಗಿಯ ಮನೆಯವರೂ ಅಡ್ಡಪರಿಣಾಮದ ವರದಿ ಕೊಡಬಹುದು. ಗ್ರಾಹಕರ ನಮೂನೆ ಕನ್ನಡದಲ್ಲೂ ಇದೆ, ಉಚಿತ ಸಹಾಯವಾಣಿ 1800-180-3024. ರಸೀದಿಯಲ್ಲಿ ಬ್ಯಾಚ್ ಸಂಖ್ಯೆ ಇದ್ದದ್ದರಿಂದ ನಮೂನೆ ತುಂಬಲು ಸುಲಭವಾಯಿತು.

ಈಗ ಆಮ್ಲೋಡಿಪಿನ್ ಮತ್ತೆ 5ಕ್ಕೆ ಬಂದಿದೆ, ಪಾದದ ಊತ ಇಳಿದಿದೆ. ಡೈಕ್ಲೋಫೆನಾಕ್ ಬದಲು ಪ್ಯಾರಾಸಿಟಮಾಲ್ ಕೊಟ್ಟಿದ್ದಾರೆ. ಮೊಣಕಾಲು ನೋವು ಮಾತ್ರ ಹಾಗೇ ಇದೆ, ಫಿಸಿಯೋಥೆರಪಿ ನಡೆಯುತ್ತಿದೆ.